ಜಾದೂ ಪ್ರದರ್ಶನಕ್ಕೆ ಗಿಮಿಕ್ ಎಲೆಗಳು: ಮುದ್ರಿಸಿಕೊಳ್ಳುವುದೇ, ಕೈಯಾರೆ ಮಾಡುವುದೇ?

ಹೊಸಪಟ್ಟು

ಎಲ್ಲರಿಗೂ ನಮಸ್ಕಾರ. ಇಸ್ಪೀಟೆಲೆಗಳ ಜಾದೂವನ್ನು ನಾನು ಚಿಕ್ಕ ಸಭೆಗಳಲ್ಲಿ ಮಾಡುತ್ತೇನೆ. ನೋಡುವವರು ಮೇಜಿನ ಆಚೆಯೇ ಕುಳಿತಿರುತ್ತಾರೆ. ಹೊಸ ಪ್ರಯೋಗವೊಂದಕ್ಕೆ ಈಗ ಎರಡು ಬಗೆಯ ಗಿಮಿಕ್ ಎಲೆಗಳು, ಅಂದರೆ ಜಾದೂಗೆಂದೇ ಗುಟ್ಟಾಗಿ ಮಾರ್ಪಡಿಸಿದ ಎಲೆಗಳು, ಬೇಕಾಗಿವೆ. ಮೊದಲನೆಯದಕ್ಕೆ ಎರಡೂ ಕಡೆ ಮುಖವಿರಬೇಕು, ಒಂದು ಬದಿ ಆಟೀನ್ ರಾಣಿ, ಮತ್ತೊಂದು ಬದಿ ಕಳಾವರ್ ಏಳು. ಎರಡನೆಯದಕ್ಕೆ ಎರಡೂ ಕಡೆ ಬೆನ್ನಿರಬೇಕು, ಒಂದು ಬದಿ ಕೆಂಪು, ಮತ್ತೊಂದು ಬದಿ ನೀಲಿ.

ಸಿದ್ಧವಾಗಿ ಸಿಗುವ ಎಲೆಗಳನ್ನು ತರಿಸಿ ನೋಡಿದೆ. ನನ್ನ ಕಟ್ಟಿನೊಳಗೆ ಸೇರಿಸಿದ ಕೂಡಲೇ ಅವು ಬೇರೆಯಾಗಿ ಕಾಣುತ್ತವೆ. ಮುಖದ ಬಿಳುಪು ಹೊಂದುವುದಿಲ್ಲ, ಬೆನ್ನಿನ ಕೆಂಪು ಹೆಚ್ಚು ಗಾಢವಾಗಿದೆ, ಎಲೆ ತುಸು ದಪ್ಪವಾಗಿದೆ. ಹಾಗಾಗಿ ಎರಡು ದಾರಿ ಹೊಳೆದಿವೆ. ನನ್ನದೇ ವಿನ್ಯಾಸದಲ್ಲಿ ಇಡೀ ಕಟ್ಟನ್ನೇ ಮುದ್ರಿಸಿಕೊಳ್ಳುವುದು ಒಂದು. ಇರುವ ಕಟ್ಟಿನ ಎಲೆಗಳನ್ನೇ ಸೀಳಿ ಅಂಟಿಸುವುದು ಇನ್ನೊಂದು. ಮಾಡಿ ಪಳಗಿದವರು ದಾರಿ ತೋರಿಸಬೇಕು.

ಅಂಚುಗಾರ

ಎರಡೇ ಎಲೆ ಸಾಕು ಎಂದಾದರೆ ಕೈಯಾರೆ ಮಾಡಿ. ಅದೂ ನೀವು ಪ್ರದರ್ಶನಕ್ಕೆ ಬಳಸುವ ಕಟ್ಟಿನ ಜೊತೆಗೇ ಕೊಂಡ, ಅದೇ ಕಂಪನಿಯ ಮತ್ತೊಂದು ಕಟ್ಟಿನಿಂದ ಮಾಡಿ. ಬಿಳುಪು, ಬಣ್ಣ, ನಯ, ಬಾಗುವ ಗುಣ ಎಲ್ಲವೂ ತಾವಾಗಿಯೇ ಹೊಂದಿಕೊಳ್ಳುತ್ತವೆ. ಹೊರಗಿನಿಂದ ತಂದ ಎಲೆಗೆ ಈ ಹೊಂದಾಣಿಕೆ ಬರುವುದು ಬಹಳ ಅಪರೂಪ.

ಕಾಗದದ ಇಸ್ಪೀಟೆಲೆ ಒಂದೇ ಹಾಳೆಯಲ್ಲ. ಎರಡು ತೆಳು ಹಾಳೆಗಳ ನಡುವೆ ಕಪ್ಪು ಅಥವಾ ಬೂದು ಬಣ್ಣದ ಅಂಟು ಬಳಿದು ಒತ್ತಿರುತ್ತಾರೆ. ಬೆಳಕಿಗೆ ಹಿಡಿದಾಗ ಎಲೆ ಯಾವುದೆಂದು ಹಿಂದಿನಿಂದ ತಿಳಿಯಬಾರದು ಎಂಬುದಕ್ಕೆ ಆ ಗಾಢ ಬಣ್ಣ. ಒಟ್ಟು ದಪ್ಪ ಸುಮಾರು 0.3 ಮಿಲಿಮೀಟರ್. ಒಂದು ಎಲೆಯ ಮುಖದ ಹಾಳೆಯನ್ನೂ ಇನ್ನೊಂದರ ಮುಖದ ಹಾಳೆಯನ್ನೂ ಬಿಡಿಸಿ ಬೆನ್ನಿಗೆ ಬೆನ್ನು ಸೇರಿಸಿ ಅಂಟಿಸಿದರೆ ದಪ್ಪ ಮತ್ತೆ ಅಷ್ಟೇ ಆಗುತ್ತದೆ. ಪೂರ್ತಿ ಎಲೆಯ ಮೇಲೆ ಪೂರ್ತಿ ಎಲೆಯನ್ನು ಅಂಟಿಸುವವರು ಇದ್ದಾರೆ. ಅದು ದಪ್ಪ ಎಲೆಯಾಗುತ್ತದೆ, ಕಟ್ಟನ್ನು ಎತ್ತಿ ಎರಡು ಭಾಗ ಮಾಡುವಾಗ ಬೆರಳು ಅಲ್ಲಿಯೇ ನಿಲ್ಲುತ್ತದೆ. ಬೇಕೆಂದೇ ಹಾಗೆ ಮಾಡುವ ಪ್ರಯೋಗಗಳೂ ಇವೆ, ಆದರೆ ನಿಮಗೆ ಬೇಕಾದದ್ದು ಅದಲ್ಲ.

ಸೀಳುವ ಬಗೆ ಹೀಗೆ. ಎಲೆಯ ಒಂದು ಮೂಲೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಮೃದುವಾಗಿ ಹಿಂದೆ ಮುಂದೆ ಬಾಗಿಸುತ್ತಾ ಹೋಗಿ. ಸ್ವಲ್ಪ ಹೊತ್ತಿನಲ್ಲಿ ಅಂಚು ಎರಡಾಗಿ ಬಾಯಿ ತೆರೆಯುತ್ತದೆ. ಆ ಸಂದಿಗೆ ಮೊಂಡು ಚಾಕುವಿನ ತುದಿಯನ್ನೋ ಉಗುರನ್ನೋ ತೂರಿಸಿ ಬೆರಳಲ್ಲಿ ಹಿಡಿಯಲು ಸಾಕಾಗುವಷ್ಟು ಬಿಡಿಸಿ. ಮುಂದಿನ ಹೆಜ್ಜೆಯಲ್ಲೇ ಎಲ್ಲವೂ ನಿರ್ಧಾರವಾಗುತ್ತದೆ. ಉಳಿಸಿಕೊಳ್ಳಬೇಕಾದ ಹಾಳೆ ಮೇಜಿನ ಮೇಲೆ ಮಟ್ಟಸವಾಗಿ ಒತ್ತಿಕೊಂಡಿರಬೇಕು, ಬೇಡವಾದ ಹಾಳೆ ಮಾತ್ರ ಬಾಗಬೇಕು. ಬೇಡವಾದ ಹಾಳೆಯನ್ನು ಒಂದು ಪೆನ್ಸಿಲ್ಲಿಗೆ ಸುತ್ತಿಕೊಳ್ಳುತ್ತಾ, ಮೂಲೆಯಿಂದ ಮೂಲೆಗೆ ಓರೆಯಾಗಿ, ನಿಧಾನವಾಗಿ ಉರುಳಿಸಿ. ಎರಡನ್ನೂ ಎರಡು ಕೈಯಲ್ಲಿ ಹಿಡಿದು ಎಳೆದರೆ ಎರಡೂ ಸುರುಳಿಯಾಗುತ್ತವೆ, ನಡುವೆ ಬಿಳಿ ಗೆರೆ ಬೀಳುತ್ತದೆ. ಆ ಗೆರೆ ಮತ್ತೆ ಹೋಗುವುದಿಲ್ಲ.

ನೀರಿನಲ್ಲಿ ನೆನೆಸಿ ಸೀಳುವ ವಿಧಾನವೂ ಇದೆ. ಹಾಳೆ ಸಲೀಸಾಗಿ ಬಿಡುತ್ತದೆ ನಿಜ, ಆದರೆ ನೀರು ಕುಡಿದ ಕಾಗದ ಹಿಗ್ಗುತ್ತದೆ, ಒಣಗಿದಾಗ ಮೊದಲಿನ ಅಳತೆಗೆ ಬರುವುದಿಲ್ಲ, ಮೇಲ್ಮೈಯ ನಯವೂ ಕೆಡುತ್ತದೆ. ಒಣ ಸೀಳುವಿಕೆಯೇ ಒಳ್ಳೆಯದು. ಪೂರ್ತಿ ಪ್ಲಾಸ್ಟಿಕ್ಕಿನ ಎಲೆಗಳಲ್ಲಿ ಈ ಪದರಗಳೇ ಇಲ್ಲ, ಅವುಗಳ ಗೊಡವೆಗೆ ಹೋಗಬೇಡಿ.

ಹೊಸಪಟ್ಟು

ತುಂಬಾ ಉಪಕಾರವಾಯಿತು. ಹಳೆಯ ಕಟ್ಟೊಂದರ ಮೇಲೆ ಅಭ್ಯಾಸ ಆರಂಭಿಸುತ್ತೇನೆ. ಅಂಟು ಯಾವುದು? ಬಿಳಿ ಅಂಟು ಆಗುತ್ತದೆಯೇ?

ಅಂಚುಗಾರ

ಬಿಳಿ ಅಂಟಿನಲ್ಲಿ ನೀರಿದೆ, ನೆನೆಸುವುದರ ತೊಂದರೆಯೇ ಇಲ್ಲಿಯೂ ಬರುತ್ತದೆ. ಎಲೆ ಒಣಗುವಾಗ ದೋಣಿಯಂತೆ ಬಾಗುತ್ತದೆ. ಸ್ಪ್ರೇ ಅಂಟು ಅಥವಾ ರಬ್ಬರ್ ಸೊಲ್ಯೂಷನ್ ಬಳಸಿ. ಎರಡೂ ಹಾಳೆಗಳ ಒಳಮೈಗೆ ತೆಳುವಾಗಿ ಹಚ್ಚಿ, ತುಸು ಒಣಗಲು ಬಿಟ್ಟು ಸೇರಿಸಬೇಕು. ಎರಡೂ ಕಡೆ ಹಚ್ಚಿದ ಅಂಟು ಮುಟ್ಟಿದ ಕ್ಷಣವೇ ಹಿಡಿಯುತ್ತದೆ, ಜರುಗಿಸಲು ಅವಕಾಶವಿರುವುದಿಲ್ಲ. ಆದ್ದರಿಂದ ಮೊದಲೇ ಮೇಜಿನ ಮೇಲೆ ಎರಡು ಉಕ್ಕಿನ ಅಳತೆಪಟ್ಟಿಗಳನ್ನು ಲಂಬಕೋನದಲ್ಲಿ ಅಲುಗಾಡದಂತೆ ನಿಲ್ಲಿಸಿಕೊಳ್ಳಿ. ಮೊದಲ ಹಾಳೆಯನ್ನು ಆ ಮೂಲೆಗೆ ತಾಗಿಸಿ ಇಡಿ. ಎರಡನೆಯದನ್ನೂ ಅದೇ ಮೂಲೆಗೆ ತಾಗಿಸಿ, ಅಲ್ಲಿಂದ ಆಚೆಗೆ ಬೆರಳಿನಿಂದ ಸವರುತ್ತಾ ಇಳಿಸಿ. ಒಳಗೆ ಗಾಳಿ ಉಳಿಯುವುದಿಲ್ಲ. ಅಂಟಿನ ಕೆಲಸ ಕಿಟಕಿ ತೆರೆದಿಟ್ಟೇ ಮಾಡಿ, ಹತ್ತಿರ ಬೆಂಕಿ ಇರಬಾರದು.

ಅಂಟಿಸುವ ಮೊದಲು ಒಳಮೈಯನ್ನು ಕೈಯಿಂದ ಸವರಿ ನೋಡಿ. ಎಲ್ಲಾದರೂ ಕಾಗದದ ಚೂರು ಉಳಿದಿದ್ದರೆ ನುಣುಪಾದ ಮರಳುಕಾಗದದಿಂದ ಒಂದೆರಡು ಸಲ ಉಜ್ಜಿ ಸಮ ಮಾಡಿ. ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಸೀಳಿದಾಗ ಗಾಢ ಬಣ್ಣದ ಆ ಅಂಟು ಯಾವುದಾದರೂ ಒಂದು ಹಾಳೆಗೆ ಹತ್ತಿಕೊಂಡು ಹೋಗುತ್ತದೆ, ಕೆಲವೆಡೆ ಮಚ್ಚೆ ಮಚ್ಚೆಯಾಗಿ. ಗಾಢತೆ ಇಲ್ಲದ ಎರಡು ಹಾಳೆಗಳನ್ನು ಸೇರಿಸಿದರೆ ಹಿಂದಿನ ದೀಪದ ಬೆಳಕು ಎಲೆಯೊಳಗಿಂದ ತೂರಿ ಬರುತ್ತದೆ, ಆಟೀನ್ ರಾಣಿಯ ಮುಖದಲ್ಲಿ ಕಳಾವರಿನ ನೆರಳು ಕಾಣುತ್ತದೆ. ಅಂಥ ಹಾಳೆಯ ಒಳಮೈಗೆ ಮೆತ್ತನೆಯ ಪೆನ್ಸಿಲ್ಲಿನ ಸೀಸವನ್ನು ದಟ್ಟವಾಗಿ ಉಜ್ಜಿ, ಉದುರುವ ಪುಡಿಯನ್ನು ಬಟ್ಟೆಯಿಂದ ಒರೆಸಿ, ಆಮೇಲೆ ಅಂಟು ಹಚ್ಚಿ. ಮಾರ್ಕರ್ ಬೇಡ, ಅದರ ಶಾಯಿ ಇನ್ನೊಂದು ಬದಿಗೆ ಇಳಿಯುತ್ತದೆ.

ಆಮೇಲೆ ಭಾರದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಿ. ಬೆಳಿಗ್ಗೆ ನೋಡಿದರೆ ಎರಡು ಅಂಚುಗಳು ಕರಾರುವಾಕ್ಕಾಗಿ ಕೂತಿರುತ್ತವೆ, ಉಳಿದೆರಡು ಅಂಚುಗಳಲ್ಲಿ ಕೂದಲೆಳೆಯಷ್ಟು ಹೊರಚಾಚು ಇರಬಹುದು. ಅದನ್ನು ಕತ್ತರಿಸಬೇಡಿ. ಕತ್ತರಿಸಿದರೆ ಎಲೆ ಗಿಡ್ಡವಾಗುತ್ತದೆ. ಎಲೆಯನ್ನು ಕಟ್ಟಿನ ನಡುವೆ ಇಟ್ಟು, ಇಡೀ ಕಟ್ಟನ್ನು ಎರಡು ಮರದ ತುಂಡುಗಳ ನಡುವೆ ಬಿಗಿಯಾಗಿ ಹಿಡಿದು, ಹೊರಗೆ ಚಾಚಿದ್ದನ್ನು ಅತಿ ನುಣುಪಾದ ಮರಳುಕಾಗದದಿಂದ ಅಂಚಿನುದ್ದಕ್ಕೂ ಒಂದೇ ದಿಕ್ಕಿನಲ್ಲಿ ಸವರಿ. ಅಕ್ಕಪಕ್ಕದ ಎಲೆಗಳೇ ಅಳತೆಗೋಲು.

ಬರಿಗೈ

ಅಂಚುಗಾರರ ವಿವರಣೆಗೆ ಸೇರಿಸಲು ನನ್ನಲ್ಲಿ ಏನೂ ಇಲ್ಲ. ಆದರೆ ಅದಕ್ಕೂ ಮೊದಲಿನ ಪ್ರಶ್ನೆಯೊಂದನ್ನು ಕೇಳುತ್ತೇನೆ. ಆ ರಾಣಿ ಏಳಾಗುವುದಕ್ಕೆ ಗಿಮಿಕ್ ಎಲೆ ನಿಜವಾಗಿಯೂ ಬೇಕೇ? ಎರಡು ಎಲೆಗಳನ್ನು ಒಂದೇ ಎಂಬಂತೆ ಎತ್ತಿ ತೋರಿಸುವ ಪಟ್ಟು ಕೈಗೆ ಬಂದಿದ್ದರೆ ಸಾಮಾನ್ಯ ಕಟ್ಟಿನಲ್ಲಿಯೇ ಅದನ್ನು ಮಾಡಬಹುದು. ಮುಗಿದ ಮೇಲೆ ಎಲೆಯನ್ನು ಪ್ರೇಕ್ಷಕರ ಕೈಗೇ ಕೊಡಬಹುದು. ಎರಡು ಮುಖದ ಎಲೆಯನ್ನು ಹಾಗೆ ಕೊಡಲಾಗುವುದಿಲ್ಲ.

ಕೈಯಿಂದ ಸಾಧ್ಯವೇ ಇಲ್ಲದ್ದನ್ನು ಮಾಡಿಸುವುದಕ್ಕೆ ಗಿಮಿಕ್ ಎಲೆ ಇರಬೇಕು. ವಿಯೆನ್ನಾದ ಯೋಹಾನ್ ನೆಪೊಮುಕ್ ಹೋಫ್ಜಿನ್ಸರ್ (1806–1875) ಇಸ್ಪೀಟೆಲೆಯ ಜಾದೂವನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದವರು. ಎರಡು ಮುಖದ ಎಲೆಗಳನ್ನೂ, ಒಂದೇ ಮುಖದಲ್ಲಿ ಅರ್ಧ ಒಂದು ಎಲೆ ಅರ್ಧ ಇನ್ನೊಂದು ಎಲೆ ಇರುವಂಥವನ್ನೂ ಬಳಸಿದವರು. ಅವರ ಕೈಚಳಕಕ್ಕೆ ಕೊರತೆಯಿರಲಿಲ್ಲ. ಕೈಚಳಕದ ಜೊತೆಗೆ ಆ ಎಲೆ ಸೇರಿದಾಗ ನೋಡುವವರಿಗೆ ವಿವರಣೆಯ ಒಂದು ದಾರಿಯೂ ಉಳಿಯುವುದಿಲ್ಲ. ಪಟ್ಟು ಕಲಿಯದೆ ತಪ್ಪಿಸಿಕೊಳ್ಳಲು ಎಲೆ ಮಾಡಿಕೊಂಡರೆ ಅದು ಒಂದು ಪ್ರಯೋಗಕ್ಕೆ ಮಾತ್ರ ದಕ್ಕುತ್ತದೆ.

ಹೊಸಪಟ್ಟು

ಒಳ್ಳೆಯ ಪ್ರಶ್ನೆ. ನನ್ನ ಪ್ರಯೋಗದಲ್ಲಿ ರಾಣಿ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಮುಖ ಮೇಲಾಗಿ ಒಂಟಿಯಾಗಿ ಬಿದ್ದಿರುತ್ತದೆ. ಪ್ರೇಕ್ಷಕರೊಬ್ಬರು ಅದರ ಮೇಲೆ ಕೈ ಇಡುತ್ತಾರೆ. ಅವರ ಅಂಗೈ ಕೆಳಗೇ ಅದು ಏಳಾಗಬೇಕು. ಅವರು ಕೈ ಇಡುವ ಮುನ್ನ ಎಲೆಯನ್ನು ಒಂದು ಸಲ ಮಗುಚಲು ಮಾತ್ರ ನನಗೆ ಅವಕಾಶವಿದೆ. ಅಲ್ಲಿ ಎರಡನೆಯ ಎಲೆ ಬರಲು ಜಾಗವಿಲ್ಲ.

ಬರಿಗೈ

ಹಾಗಾದರೆ ಎಲೆ ಬೇಕೇ ಬೇಕು, ನನ್ನ ಆಕ್ಷೇಪವಿಲ್ಲ. ಆದರೆ ಅದು ಕಟ್ಟಿನೊಳಗೆ ಬರುವ ದಾರಿ ಮತ್ತು ಹೊರಗೆ ಹೋಗುವ ದಾರಿ ಎರಡನ್ನೂ ಮೊದಲೇ ಕಟ್ಟಿಕೊಳ್ಳಿ. ಪ್ರೇಕ್ಷಕರು ಕೈ ಎತ್ತಿದ ಕ್ಷಣದಲ್ಲಿ ಅವರ ಮೊದಲ ಆಸೆಯೇ ಆ ಎಲೆಯನ್ನು ತಿರುಗಿಸಿ ನೋಡುವುದು. ಆ ಆಸೆ ಹುಟ್ಟುವ ಮೊದಲು ಎಲೆ ನಿಮ್ಮ ಕೈಗೆ ಬಂದು, ಅದರ ಬದಲು ನಿಜವಾದ ಕಳಾವರ್ ಏಳು ಅವರ ಕೈಗೆ ಹೋಗಬೇಕು. ಬದಲಿಸುವ ಆ ಪಟ್ಟನ್ನು ಎಲೆ ತಯಾರಾಗುವ ಮುನ್ನವೇ ಅಭ್ಯಾಸಕ್ಕೆ ತೆಗೆದುಕೊಳ್ಳಿ.

ಅಚ್ಚುಮೊಳೆ

ಮುದ್ರಣದ ಕಡೆಯಿಂದ ನಾನು ಹೇಳುತ್ತೇನೆ, ವೃತ್ತಿ ಅದೇ ಆದ್ದರಿಂದ.

ಎರಡು ಎಲೆಗೋಸ್ಕರ ಮುದ್ರಣಕ್ಕೆ ಹೋಗುವುದು ಬೇಡ ಎಂಬುದನ್ನು ಒಪ್ಪುತ್ತೇನೆ. ಆದರೆ ಮುಂದೆ ಅರ್ಧ ಎಲೆಗಳು, ಚುಕ್ಕೆ ಜರುಗಿದ ಎಲೆಗಳು, ಹೆಸರು ಬರೆದ ಎಲೆಗಳು ಎಂದು ನಿಮ್ಮದೇ ಪ್ರಯೋಗಗಳು ಬೆಳೆದಾಗ ಸೀಳುವ ದಾರಿ ಸಾಲುವುದಿಲ್ಲ. ಆಗ ಮನೆಯ ಪ್ರಿಂಟರಿನಲ್ಲಿ ಮುದ್ರಿಸಿ ಅಂಟಿಸುವ ಆಸೆ ಬರುತ್ತದೆ. ದೂರದಿಂದ ಅದು ನಡೆಯುತ್ತದೆ, ಮೇಜಿನಷ್ಟು ದೂರದಿಂದ ನಡೆಯುವುದಿಲ್ಲ. ಕಂಪನಿಯ ಎಲೆಯ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿಗಳನ್ನು ಒತ್ತಿರುತ್ತಾರೆ, ಎಲೆಗಳ ನಡುವೆ ಗಾಳಿ ಉಳಿದು ಜಾರಲಿ ಎಂದು. ಅದರ ಮೇಲೆ ಲೇಪನವೂ ಇದೆ. ಮನೆಯಲ್ಲಿ ಮುದ್ರಿಸಿದ ಹಾಳೆಗೆ ಎರಡೂ ಇಲ್ಲ. ಬೀಸಣಿಗೆಯಂತೆ ಹರಡಿದಾಗ ಆ ಒಂದು ಎಲೆ ಪಕ್ಕದ್ದಕ್ಕೆ ಅಂಟಿಕೊಂಡು ನಿಲ್ಲುತ್ತದೆ.

ಕಟ್ಟನ್ನೇ ಮುದ್ರಿಸಿಕೊಳ್ಳುವುದಾದರೆ ಗಿಮಿಕ್ ಎಲೆಗಳನ್ನೂ ಸಾಮಾನ್ಯ ಎಲೆಗಳ ಜೊತೆ ಒಂದೇ ಸಲಕ್ಕೆ, ಒಂದೇ ಕಾಗದದ ಮೇಲೆ ಮುದ್ರಿಸಿ. ಆಮೇಲೆ ಬೇರೆ ದಿನ ಮುದ್ರಿಸಿದರೆ ಅದೇ ಕಡತ, ಅದೇ ಯಂತ್ರವಿದ್ದರೂ ಕೆಂಪು ಬದಲಾಗಬಹುದು. ಅಳತೆ 63 × 88 ಮಿಲಿಮೀಟರ್, ಇದನ್ನು ಪೋಕರ್ ಅಳತೆ ಎನ್ನುತ್ತಾರೆ. ಸಣ್ಣ ಕೈಯವರು ಬಳಸುವ ಬ್ರಿಜ್ ಅಳತೆಯಲ್ಲಿ ಅಗಲ 57 ಮಿಲಿಮೀಟರ್. ಚಿತ್ರವನ್ನು ಕತ್ತರಿಸುವ ಗೆರೆಯಿಂದ ಸುತ್ತಲೂ 3 ಮಿಲಿಮೀಟರ್ ಹೊರಗೆ ಚಾಚಿರಬೇಕು. ಚಿತ್ರಗಳಿಗೆ ಇಂಚಿಗೆ 300 ಚುಕ್ಕೆಗಳು ಕನಿಷ್ಠ. ಮೂಲೆಯ ಅಂಕಿಗಳನ್ನು ಚುಕ್ಕೆಗಳ ಚಿತ್ರವಾಗಿ ಕೊಡದೆ ವೆಕ್ಟರ್ ಆಗಿಯೇ, ಅಂದರೆ ಗೆರೆಗಳಿಂದ ರಚಿಸಿದ ರೂಪದಲ್ಲಿಯೇ ಕೊಡಿ, ಅಂಚು ಹರಿತವಾಗಿ ಬರುತ್ತದೆ. ಒಳಗೆ ಕಪ್ಪು ಪದರವಿರುವ ಇಸ್ಪೀಟಿನ ಕಾಗದವನ್ನೇ ಕೇಳಿ ಪಡೆಯಿರಿ. ಬರಿಯ ದಪ್ಪ ಕಾರ್ಡು ಕಾಗದ ಕೊಟ್ಟರೆ ನಾಲ್ಕು ಸಲ ಕಲಸುವಷ್ಟರಲ್ಲಿ ಮೂಲೆ ಮುರಿಯುತ್ತದೆ.

ಬೆನ್ನಿಗೆ ತೆಳುವಾದ ಬಿಳಿ ಅಂಚು ಬೇಡವೇ ಬೇಡ. ಕತ್ತರಿಸುವ ಯಂತ್ರ ಅರ್ಧ ಮಿಲಿಮೀಟರ್ ಅತ್ತಿತ್ತ ಜರುಗಿದರೂ ಒಂದು ಬದಿಯ ಅಂಚು ಇನ್ನೊಂದು ಬದಿಗಿಂತ ಅಗಲವಾಗಿ ಕಾಣುತ್ತದೆ, ಆ ಎಲೆ ತಾನಾಗಿಯೇ ಗುರುತಿನ ಎಲೆಯಾಗುತ್ತದೆ. ಅಂಚು ಅಗಲವಾಗಿರಲಿ, ಇಲ್ಲವೇ ಇರಲೇಬಾರದು. ಅಂಚಿಲ್ಲದ ವಿನ್ಯಾಸಕ್ಕೂ ಒಂದು ತೊಂದರೆ ಇದೆ. ಕಟ್ಟಿನೊಳಗೆ ಮಗುಚಿ ಇಟ್ಟ ಎಲೆ ಪಕ್ಕದಿಂದ ಬಣ್ಣದ ಗೆರೆಯಾಗಿ ಕಾಣಬಹುದು. ತಲೆಕೆಳಗಾದ ಎಲೆಯನ್ನು ಅಡಗಿಸುವ ಪ್ರಯೋಗ ನಿಮ್ಮಲ್ಲಿದ್ದರೆ ಅಗಲ ಬಿಳಿ ಅಂಚೇ ಸರಿ.

ಹೆಸರಾಂತ ಕಂಪನಿಗಳ ಬೆನ್ನಿನ ವಿನ್ಯಾಸವನ್ನು ಸ್ಕ್ಯಾನ್ ಮಾಡಿ ಮುದ್ರಿಸಲು ಯಾರನ್ನೂ ಕೇಳಬೇಡಿ. ‘ಬೈಸಿಕಲ್’ ಎಂಬ ಹೆಸರಿನಲ್ಲಿ ಮಾರುವ ಎಲೆಗಳ ‘ರೈಡರ್’ ಎಂಬ ಬೆನ್ನಿನ ವಿನ್ಯಾಸ 1887ರಷ್ಟು ಹಳೆಯದು. ಹಳೆಯದಾದ ಮಾತ್ರಕ್ಕೆ ಯಾರು ಬೇಕಾದರೂ ಬಳಸಬಹುದು ಎಂದಲ್ಲ, ಅದು ಆ ಕಂಪನಿಯ ವ್ಯಾಪಾರ ಚಿಹ್ನೆ. ಇಸ್ಪೀಟ್ ಎಕ್ಕದ ಅಲಂಕಾರವೂ ತಯಾರಕರ ಗುರುತೇ. ಇಂಗ್ಲೆಂಡಿನಲ್ಲಿ ಎಲೆಗಳ ಮೇಲೆ ತೆರಿಗೆ ಇದ್ದ ಕಾಲದಲ್ಲಿ ತೆರಿಗೆ ಸಂದಿದೆ ಎಂಬುದಕ್ಕೆ ಸಾಕ್ಷಿಯಾಗಿದ್ದದ್ದು ಆ ಎಕ್ಕವೇ. ಅದನ್ನು ನಕಲಿ ಮಾಡಿದ್ದಕ್ಕೆ ರಿಚರ್ಡ್ ಹಾರ್ಡಿಂಗ್ ಎಂಬಾತನನ್ನು 1805ರಲ್ಲಿ ಗಲ್ಲಿಗೇರಿಸಿದರು. ತೆರಿಗೆ ಹೋಯಿತು, ಎಕ್ಕದ ದೊಡ್ಡ ಚಿತ್ರ ಉಳಿದುಕೊಂಡಿತು. ನಿಮ್ಮ ಕಟ್ಟಿಗೆ ನಿಮ್ಮದೇ ಎಕ್ಕವನ್ನು ಬರೆಯಿರಿ.

ಮನದಾಟ

ಅಚ್ಚುಮೊಳೆಯವರ ತಾಂತ್ರಿಕ ಮಾತೆಲ್ಲ ಸರಿ. ಆದರೆ ಸ್ವಂತ ವಿನ್ಯಾಸದ ಕಟ್ಟನ್ನು ಜೇಬಿನಿಂದ ತೆಗೆದ ಕೂಡಲೇ ನೋಡುವವರ ಮನಸ್ಸಿನಲ್ಲಿ ‘ಇದು ಜಾದೂಗಾರನ ಎಲೆ’ ಎಂಬ ಅನುಮಾನ ಕೂರುತ್ತದೆ. ಎಲ್ಲರೂ ಆಡಿ ಬಲ್ಲ ಸಾಧಾರಣ ಬೆನ್ನಿಗೆ ಇರುವ ಶಕ್ತಿ ಎಷ್ಟು ಸುಂದರ ವಿನ್ಯಾಸಕ್ಕೂ ಇಲ್ಲ. ಹೊಸ ವಿನ್ಯಾಸವನ್ನೇ ಬಳಸುವುದಾದರೆ ಪ್ರದರ್ಶನದ ಆರಂಭದಲ್ಲಿ ಪೂರ್ತಿ ಸಾಮಾನ್ಯ ಕಟ್ಟೊಂದನ್ನು ಅವರ ಕೈಗೆ ಕೊಟ್ಟು ಕಲಸಲು ಬಿಡಿ. ಅದೇ ವಿನ್ಯಾಸದ ಗಿಮಿಕ್ ಎಲೆಗಳು ಆಮೇಲೆ ಬರಲಿ.

ನಾನು ಹೆಚ್ಚಾಗಿ ಕೆಲಸ ಮಾಡುವುದು ಒರಟು-ನಯದ ಕಟ್ಟುಗಳಲ್ಲಿ. ಎಲೆಗಳನ್ನು ಜೋಡಿ ಜೋಡಿಯಾಗಿ ಬೆನ್ನಿಗೆ ಬೆನ್ನು ಇಟ್ಟು, ಒಳಗೆ ಬರುವ ಬೆನ್ನುಗಳನ್ನು ಮಾತ್ರ ಒರಟು ಮಾಡಿದರೆ ಜೋಡಿ ಒಂದೇ ಎಲೆಯಂತೆ ಚಲಿಸುತ್ತದೆ, ಬೇಕೆಂದಲ್ಲಿ ಬಿಡಿಸಿಕೊಳ್ಳುತ್ತದೆ. ಜೋಡಿಯ ಬೆಲೆಗಳನ್ನು ಕೂಡಿದರೆ ಹದಿಮೂರು ಬರುವಂತೆ ಇಡುವ ಹಳೆಯ ಕ್ರಮ ಬಹಳ ಜಾಣತನದ್ದು: ಎಕ್ಕಕ್ಕೆ ರಾಣಿ, ಎರಡಕ್ಕೆ ಗುಲಾಮ, ಮೂರಕ್ಕೆ ಹತ್ತು, ತಾನೇ ಹದಿಮೂರಾದ ರಾಜನಿಗೆ ಮಾತ್ರ ರಾಜನೇ. ಇಸ್ಪೀಟಿಗೆ ಆಟೀನ್, ಕಳಾವರಿಗೆ ಡೈಮನ್ ಜೊತೆ. ಯಾರು ಯಾವ ಎಲೆಯ ಹೆಸರು ಹೇಳಿದರೂ ಅದರ ಸಂಗಾತಿ ಯಾವುದೆಂದು ಆ ಕ್ಷಣಕ್ಕೆ ಹೊಳೆಯುತ್ತದೆ.

ಒರಟು ಮಾಡಲು ಹೊಳಪಿಲ್ಲದ ಪಾರದರ್ಶಕ ಲ್ಯಾಕರ್ ಸ್ಪ್ರೇ ಸಾಕು. ಎಲೆಗಳನ್ನು ಹರಡಿ, ಒಂದು ಮೊಳದಷ್ಟು ದೂರದಿಂದ ಮಂಜಿನ ಹಾಗೆ ಬೀಳುವಂತೆ ಸಿಂಪಡಿಸಿ, ಒಣಗಿದ ಮೇಲೆ ಇನ್ನೊಂದು ಸಲ. ಒಮ್ಮೆಗೇ ದಪ್ಪವಾಗಿ ಹೊಡೆದರೆ ಎಲೆ ಬಾಗುತ್ತದೆ, ಕಟ್ಟು ಉಬ್ಬುತ್ತದೆ. ಪರೀಕ್ಷೆ ಬೆರಳಿನಲ್ಲಿಯೇ ಇದೆ. ಒಂದು ಜೋಡಿಯನ್ನು ಮೇಲಿನಿಂದ ಹೆಬ್ಬೆರಳಿನಿಂದ ಹಗುರವಾಗಿ ತಳ್ಳಿದಾಗ ಎರಡೂ ಒಟ್ಟಿಗೆ ಸರಿಯಬೇಕು. ಒತ್ತಡವನ್ನು ಪೂರ್ತಿ ಸಡಿಲಿಸಿ ತಳ್ಳಿದಾಗ ಮೇಲಿನದೊಂದೇ ಸರಿಯಬೇಕು. ಈ ಎರಡರ ನಡುವಿನ ಅಂತರ ಬಹಳ ಚಿಕ್ಕದು. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಹಿಡಿತ ಬದಲಾಗುತ್ತದೆ, ಆದ್ದರಿಂದ ಪ್ರದರ್ಶನದ ಜಾಗಕ್ಕೆ ಹೋದ ಮೇಲೆ ಇನ್ನೊಮ್ಮೆ ನೋಡಿಕೊಳ್ಳಿ.

ತೆರೆಮರೆ

ಇಷ್ಟೆಲ್ಲವನ್ನು ಬಹಿರಂಗವಾಗಿ ಬರೆಯುವುದು ಸರಿಯೇ? ಜಾದೂವಿನ ಬದುಕೇ ಗುಟ್ಟಿನಲ್ಲಿದೆ. ಹದಿಮೂರರ ಲೆಕ್ಕವನ್ನು ಇಲ್ಲಿ ಓದಿದವರು ನಾಳೆ ಯಾರದೋ ಪ್ರದರ್ಶನದಲ್ಲಿ ಕುಳಿತಿರುತ್ತಾರೆ.

ಮನದಾಟ

ನಿಮ್ಮ ಕಳಕಳಿಯನ್ನು ಗೌರವಿಸುತ್ತೇನೆ. ಒರಟು-ನಯದ ತತ್ವ ಹಲವು ತಲೆಮಾರುಗಳಿಂದ ಕಲಿಕೆಯ ಪುಸ್ತಕಗಳಲ್ಲಿದೆ. ಇಷ್ಟು ಉದ್ದದ ಬರಹವನ್ನು ಇಲ್ಲಿಯವರೆಗೆ ಓದಿಕೊಂಡು ಬಂದವರು ಮಾಡಿ ನೋಡುವ ಆಸಕ್ತಿಯುಳ್ಳವರೇ. ನಾನು ಗೆರೆ ಎಳೆಯುವುದು ಬೇರೆ ಕಡೆ. ಇಂದು ಬದುಕಿರುವ ಜಾದೂಗಾರರೊಬ್ಬರು ತಮ್ಮ ಬುದ್ಧಿಯಿಂದ ರೂಪಿಸಿ ಮಾರುತ್ತಿರುವ ಗಿಮಿಕ್ ಎಲೆಯನ್ನು ಕೊಳ್ಳದೆ ನೋಡಿ ನಕಲು ಮಾಡುವುದು, ಅದರ ಒಳಗುಟ್ಟನ್ನು ಬರೆಯುವುದು, ಇವೆರಡನ್ನೂ ಮಾಡಬಾರದು. ಅದು ಅವರ ಅನ್ನ. ಎರಡು ಮುಖದ ಎಲೆ, ಗಿಡ್ಡ ಎಲೆ, ಒರಟು ಎಲೆ ಇವು ಎಲ್ಲರ ಸೊತ್ತು.

ಬರಿಗೈ

ಇನ್ನೊಂದು ಗೆರೆಯನ್ನೂ ಸೇರಿಸಿ. ಇಂಥ ಎಲೆ ಪಂದ್ಯದ ಮೇಜಿಗೆ ಹೋಗಬಾರದು, ತಮಾಷೆಗೂ ಹೋಗಬಾರದು. ಜಾದೂ ನೋಡಲು ಬಂದವರು ಮೋಸಹೋಗಲು ಒಪ್ಪಿ ಬಂದಿರುತ್ತಾರೆ, ಹಣ ಇಟ್ಟು ಆಡುವವರು ಒಪ್ಪಿರುವುದಿಲ್ಲ.

ತೆರೆಮರೆ

ಮನದಾಟ ಅವರ ಗೆರೆ ನನಗೆ ಪೂರ್ತಿ ಸಮಾಧಾನ ಕೊಡದಿದ್ದರೂ ನ್ಯಾಯವಾದದ್ದು. ಹಾಗಾದರೆ ನಾನೂ ಒಂದನ್ನು ಕೇಳುತ್ತೇನೆ. ಗಿಡ್ಡ ಎಲೆ ಕಟ್ಟಿನ ಉಳಿದ ಎಲೆಗಳಿಗಿಂತ ಎಷ್ಟು ಗಿಡ್ಡವಿರಬೇಕು? ಕೆಲವರು ಒಂದು ಮಿಲಿಮೀಟರ್ ಎನ್ನುತ್ತಾರೆ, ನನಗೆ ಅದು ಬಹಳ ಎನಿಸುತ್ತದೆ.

ಅಂಚುಗಾರ

ಒಂದೇ ಗಿಡ್ಡ ಎಲೆಯಾದರೆ ಅರ್ಧ ಮಿಲಿಮೀಟರ್ ಧಾರಾಳ. ಹೆಬ್ಬೆರಳಿನಿಂದ ಕಟ್ಟಿನ ತುದಿಯನ್ನು ಬಿಡುತ್ತಾ ಹೋದಾಗ ಗಿಡ್ಡ ಎಲೆ ಬೆರಳಿಗೆ ಸಿಗದೆ ತನ್ನ ಹಿಂದಿನ ಎಲೆಯ ಜೊತೆಗೇ ಬೀಳುತ್ತದೆ, ಅಲ್ಲಿ ‘ಟಕ್’ ಎಂಬ ಸಣ್ಣ ಸದ್ದು ಬರುತ್ತದೆ. ಆ ಸದ್ದು ನಿಮಗೆ ಕೇಳಬೇಕು, ಎದುರಿನವರಿಗೆ ಕೇಳಬಾರದು. ಹೆಚ್ಚು ಕತ್ತರಿಸಿದಷ್ಟೂ ಸದ್ದು ಜೋರು. ಒಂದು ಬಿಟ್ಟು ಒಂದು ಗಿಡ್ಡ ಎಲೆ ಬರುವ ಸ್ವೆಂಗಾಲಿ ಕಟ್ಟಿನಲ್ಲಿ ಮಾತ್ರ ಸ್ವಲ್ಪ ಹೆಚ್ಚು ಬೇಕು, ಅಲ್ಲಿ ಎಲೆಗಳು ಜೋಡಿಯಾಗಿಯೇ ಬೀಳಬೇಕಲ್ಲ.

ಕತ್ತರಿಸಲು ಹೊಸ ಅಲಗು, ಉಕ್ಕಿನ ಪಟ್ಟಿ. ಒಂದೇ ಎಳೆತಕ್ಕೆ ಕತ್ತರಿಸಬೇಡಿ, ಹಗುರವಾಗಿ ಮೂರು ನಾಲ್ಕು ಸಲ ಎಳೆಯಿರಿ. ಆಮೇಲೆ ಮೂಲೆಗಳು ಚೂಪಾಗಿ ಉಳಿಯುತ್ತವೆ. ಕೈಯಿಂದ ದುಂಡಗೆ ಮಾಡಲು ಹೊರಟವರು ಇಲ್ಲಿಯೇ ಸಿಕ್ಕಿಬೀಳುವುದು. ಇಸ್ಪೀಟಿನ ಮೂಲೆಯ ದುಂಡಿಗೆ ಹೊಂದುವ ಮೂಲೆ ಕತ್ತರಿಸುವ ಉಪಕರಣ ಸಿಗುತ್ತದೆ, ಹಳೆಯ ಎಲೆಯೊಂದನ್ನು ಮೇಲಿಟ್ಟು ಹೋಲಿಸಿ ಕೊಳ್ಳಿ. ಅದಿಲ್ಲದಿದ್ದರೆ ಉಗುರು ಕತ್ತರಿಸುವ ನೇಲ್ ಕಟರ್ ಅಚ್ಚರಿಯಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ, ಅದರ ಅಲಗು ಮೊದಲೇ ಬಾಗಿದೆ.

ಹೊಸಪಟ್ಟು

ಎರಡು ಮುಖದ ಎಲೆ ಸಿದ್ಧವಾಗಿದೆ. ಪೆನ್ಸಿಲ್ ಸೀಸದ ಉಪಾಯ ಬಹಳ ಚೆನ್ನಾಗಿ ಕೆಲಸ ಮಾಡಿತು, ದೀಪದ ಎದುರು ಹಿಡಿದರೂ ಏನೂ ಕಾಣುವುದಿಲ್ಲ. ಅಳತೆ, ದಪ್ಪ ಎಲ್ಲವೂ ಹೊಂದಿವೆ. ಆದರೂ ಕಟ್ಟನ್ನು ಪಕ್ಕದಿಂದ ನೋಡಿದರೆ ಅದರ ಅಂಚು ಬೆಳ್ಳಗೆ ಒಂದು ಗೆರೆಯಾಗಿ ಕಾಣುತ್ತಿದೆ. ಅಂಟು ಕಾರಣವೇ?

ಅಂಚುಗಾರ

ಅಂಟಲ್ಲ, ವಯಸ್ಸು. ನಿಮ್ಮ ಕಟ್ಟು ಬಳಸಿ ಬಳಸಿ ಕೈಯ ಬೆವರು, ಎಣ್ಣೆ ಅಂಚಿಗೆ ಹತ್ತಿ ಮಸುಕಾಗಿದೆ. ಗಿಮಿಕ್ ಎಲೆಯ ಅಂಚು ಈಗಷ್ಟೇ ಮರಳುಕಾಗದ ತಿಂದು ಹೊಸದಾಗಿದೆ. ಶಾಯಿ ಹಚ್ಚಿ ಮಸುಕು ಮಾಡಲು ಹೋಗಬೇಡಿ, ಅದು ಮುಖಕ್ಕೆ ಹರಿದು ಬರುತ್ತದೆ. ಹಳೆಯ ಕಟ್ಟನ್ನು ಅಭ್ಯಾಸಕ್ಕೆ ಬಿಟ್ಟು, ಹೊಸ ಕಟ್ಟೊಂದನ್ನು ತೆರೆದು ಗಿಮಿಕ್ ಎಲೆಯನ್ನು ಅದರೊಳಗೆ ಹಾಕಿ ಎಲ್ಲವನ್ನೂ ಒಟ್ಟಿಗೆ ಕಲಸುತ್ತಾ ಇರಿ. ಜೊತೆಯಲ್ಲಿಯೇ ಹಳೆಯದಾಗುತ್ತವೆ.

ಇನ್ನೊಂದು ಮಾತು. ಕಾರ್ಖಾನೆಯಲ್ಲಿ ಎಲೆಗಳನ್ನು ಒಂದು ಬದಿಯಿಂದ ಒತ್ತಿ ಕತ್ತರಿಸುವುದರಿಂದ ಅಂಚು ಒಂದು ಕಡೆಗೆ ತುಸು ಇಳಿಜಾರಾಗಿರುತ್ತದೆ. ಎರಡು ಮುಖಗಳನ್ನು ಸೇರಿಸಿದಾಗ ಆ ಇಳಿಜಾರುಗಳು ಒಂದಕ್ಕೊಂದು ಎದುರಾಗುತ್ತವೆ. ಸಾಮಾನ್ಯ ಕಲಸುವಿಕೆಯಲ್ಲಿ ಗೊತ್ತಾಗುವುದಿಲ್ಲ. ಒಂದು ಎಲೆಗೆ ಒಂದು ಎಲೆ ಹೆಣೆಯುವ ಫಾರೋ ಕಲಸುವಿಕೆಯನ್ನು ನೀವು ಮಾಡುವುದಾದರೆ ಆ ಎಲೆಯ ಬಳಿ ಹೆಣಿಗೆ ತಡೆಯುತ್ತದೆ. ಆ ಕಲಸುವಿಕೆ ಮುಗಿದ ಮೇಲೆ ಎಲೆಯನ್ನು ಕಟ್ಟಿಗೆ ಸೇರಿಸುವಂತೆ ಪ್ರಯೋಗದ ಕ್ರಮವನ್ನು ಬದಲಿಸಿಕೊಳ್ಳಿ.

ಹೊಸಪಟ್ಟು

ಫಾರೋ ನನ್ನ ಪ್ರಯೋಗದ ಎರಡನೆಯ ಹಂತದಲ್ಲಿದೆ, ಎಲೆ ಬೇಕಾಗುವುದು ನಾಲ್ಕನೆಯದರಲ್ಲಿ. ನಡುವೆ ಸೇರಿಸಿಕೊಳ್ಳುತ್ತೇನೆ. ಹೊಸ ಕಟ್ಟನ್ನು ಇವತ್ತೇ ತೆರೆದಿದ್ದೇನೆ, ಕೆಂಪು-ನೀಲಿ ಬೆನ್ನಿನ ಎಲೆಗೆ ಹಾಳೆಗಳನ್ನು ಸೀಳುತ್ತಿದ್ದೇನೆ.

ಅಂಚುಗಾರ

ಬೆನ್ನಿನ ಹಾಳೆ ಬಿಡಿಸುವಾಗ ಇನ್ನಷ್ಟು ನಿಧಾನಿಸಿ. ಬಣ್ಣ ತುಂಬಿದ ಮೈ ಆದ್ದರಿಂದ ಸಣ್ಣ ಮಡಿಕೆಯೂ ಬಿಳಿಯಾಗಿ ಎದ್ದು ಕಾಣುತ್ತದೆ. ಕೂತಾಗಲೇ ಎರಡು ಮೂರು ಎಲೆ ಮಾಡಿಟ್ಟುಕೊಳ್ಳಿ, ಕಟ್ಟು ಬದಲಿಸುವಾಗ ಅದರ ಜೊತೆಗೆ ಎಲೆಯನ್ನೂ ಬದಲಿಸಬಹುದು.